ಬರೆದದ್ದು ಸಿಗಬೇಕಾದರೆ

ಸಂತೆಯಲ್ಲಿ ಸರಕು ಎಷ್ಟೇ ಒಳ್ಳೆಯದಿರಲಿ, ಅಂಗಡಿ ಎಲ್ಲಿದೆಯೆಂದು ತಿಳಿಯದಿದ್ದರೆ ಗಿರಾಕಿ ಬರುವುದಿಲ್ಲ. ಈಗ ಬರಹಕ್ಕೂ ಈ ಮಾತು ಅನ್ವಯಿಸುತ್ತದೆ.

ಶಹಾಪುರ ತಾಲ್ಲೂಕಿನ ವನದುರ್ಗದಲ್ಲಿ ಸುರಪುರ ನಾಯಕರ ಕಾಲದ ಕೋಟೆಯೊಂದಿದೆ. ಆ ಊರಿನ ಬಿ.ಎ. ವಿದ್ಯಾರ್ಥಿನಿಯೊಬ್ಬಳು ಅದರ ಮೇಲೆ ಲೇಖನ ಬರೆದಳೆಂದು ಇಟ್ಟುಕೊಳ್ಳೋಣ. ಅಜ್ಜನ ಹತ್ತಿರ ಕೂತು ಹಳೆಯ ಸಂಗತಿಗಳನ್ನು ಕೇಳಿದ್ದಾಳೆ, ಅಗಸಿಯ ಅಳತೆ ತೆಗೆದಿದ್ದಾಳೆ, ಹುಡೇವುಗಳನ್ನು ಎಣಿಸಿದ್ದಾಳೆ. ಡಿ.ಟಿ.ಪಿ. ಅಂಗಡಿಯಲ್ಲಿ ಬೆರಳಚ್ಚು ಮಾಡಿಸಿ, ‘ಇತಿಹಾಸದ ಮೌನ ಸಾಕ್ಷಿ’ ಎಂಬ ಅಂದವಾದ ತಲೆಬರಹ ಕೊಟ್ಟು ಅಂತರಜಾಲಕ್ಕೆ ಏರಿಸಿದ್ದಾಳೆ. ತಂದೆ ನೆಂಟರಿಗೆಲ್ಲ ಫೋನು ಮಾಡಿ ಹೇಳಿದ್ದಾರೆ. ತಿಂಗಳು ಕಳೆದರೂ ನೆಂಟರ ಹೊರತು ಓದಿದವರಿಲ್ಲ. ಅತ್ತ ಬೆಂಗಳೂರಿನಲ್ಲಿ ಸಂಪಾದಕರೊಬ್ಬರು ವನದುರ್ಗದ ಕೋಟೆಯ ಬಗ್ಗೆ ಬರೆಯಬಲ್ಲವರು ಸಿಗುವರೇ ಎಂದು ಅದೇ ಅಂತರಜಾಲದಲ್ಲಿ ಹುಡುಕಿ ಕೈಬಿಟ್ಟಿದ್ದಾರೆ. ಬರೆದವಳೂ ಇದ್ದಾಳೆ, ಬೇಕಾದವರೂ ಇದ್ದಾರೆ. ಒಬ್ಬರಿಗೊಬ್ಬರು ಸಿಕ್ಕಿಲ್ಲ, ಅಷ್ಟೇ.

ಹೀಗಾಗದಂತೆ ನೋಡಿಕೊಳ್ಳುವ ವಿದ್ಯೆಗೆ ‘ಸರ್ಚ್ ಆಪ್ಟಿಮೈಸೇಶನ್’ ಎಂಬ ಭಾರಿ ಹೆಸರಿದೆ. ಹೆಸರಿನಷ್ಟು ಭಾರ ವಿಷಯದಲ್ಲಿಲ್ಲ. ಹೈಸ್ಕೂಲು ಮಕ್ಕಳಿಗೂ ಅರ್ಥವಾಗುವಂಥದು.

ಹುಡುಕುವ ಯಂತ್ರದ ಕೆಲಸ

ಗೂಗಲ್‌ನಂಥ ಶೋಧಯಂತ್ರ ನಾವು ಪ್ರಶ್ನೆ ಕೇಳಿದ ಮೇಲೆ ಜಗತ್ತನ್ನೆಲ್ಲ ಸುತ್ತಿ ಬರುತ್ತದೆ ಎಂಬುದು ಅನೇಕರ ಕಲ್ಪನೆ. ಹಾಗಿಲ್ಲ. ಅದು ಮೊದಲೇ ಪುಟಗಳನ್ನು ಓದಿ, ಯಾವ ಪದ ಯಾವ ಪುಟದಲ್ಲಿದೆ ಎಂದು ಬರೆದಿಟ್ಟುಕೊಂಡಿರುತ್ತದೆ. ದೊಡ್ಡ ಗ್ರಂಥಗಳ ಕೊನೆಯಲ್ಲಿ ಪದಸೂಚಿ ಇರುತ್ತದಲ್ಲ, ಅಂಥದೇ ಬೃಹತ್ ಪದಸೂಚಿ. ಪ್ರಶ್ನೆ ಬಂದಾಗ ಯಂತ್ರ ಆ ಸೂಚಿಯನ್ನು ತೆರೆದು ನೋಡುತ್ತದೆ. ಸೂಚಿಗೆ ಸೇರದ ಬರಹ ಅದರ ಪಾಲಿಗೆ ಇಲ್ಲದ ಬರಹ.

ನಮ್ಮ ಹುಡುಗಿಯ ಲೇಖನ ಸೂಚಿಗೆ ಸೇರದಿರಲು ಮೊದಲ ಕಾರಣ ಅಕ್ಷರ. ಗಣಕಯಂತ್ರಕ್ಕೆ ಅಕ್ಷರದ ಆಕಾರ ಗೊತ್ತಿಲ್ಲ. ಗೊತ್ತಿರುವುದು ಸಂಖ್ಯೆ ಮಾತ್ರ. ಇಂಗ್ಲಿಷಿನ ದೊಡ್ಡ ‘ಎ’ ಅಕ್ಷರಕ್ಕೆ 65 ಎಂಬ ಸಂಖ್ಯೆ. ಹಿಂದೆ ಕನ್ನಡ ಫಾಂಟುಗಳನ್ನು ಮಾಡಿದಾಗ ಕನ್ನಡಕ್ಕೆ ಬೇರೆ ಸಂಖ್ಯೆಗಳು ಬಳಕೆಯಲ್ಲಿರಲಿಲ್ಲ. ಆದ್ದರಿಂದ ಇಂಗ್ಲಿಷಿನ ಸಂಖ್ಯೆಗಳ ಮೇಲೆಯೇ ಕನ್ನಡದ ಆಕಾರಗಳನ್ನು ಕೂರಿಸಲಾಯಿತು. ಹಾಜರಿ ಪುಸ್ತಕದಲ್ಲಿ ಒಂದೇ ನಂಬರಿಗೆ ಇಬ್ಬರು ಹುಡುಗರಿದ್ದಂತೆ! ಕಣ್ಣಿಗೆ ಕನ್ನಡ, ಯಂತ್ರಕ್ಕೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ.

ಇದನ್ನು ಸರಿಪಡಿಸಿದ್ದು ಯೂನಿಕೋಡ್. 1991ರಲ್ಲಿ ಹೊರಬಂದ ಅದರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ 128 ಸ್ಥಾನಗಳು ಸಿಕ್ಕವು. ‘ಕ’ ಅಕ್ಷರಕ್ಕೆ 3221, ‘ವ’ ಅಕ್ಷರಕ್ಕೆ 3253. ಈ ಸಂಖ್ಯೆಗಳನ್ನು ಜಗತ್ತಿನಲ್ಲಿ ಬೇರಾವ ಅಕ್ಷರವೂ ಹಂಚಿಕೊಳ್ಳುವುದಿಲ್ಲ. ಮೊಬೈಲಿನಲ್ಲಿ ಟೈಪು ಮಾಡುವ ಕನ್ನಡವೆಲ್ಲ ಯೂನಿಕೋಡೇ. ಮುದ್ರಣಕ್ಕಾಗಿ ಕೆಲಸ ಮಾಡುವ ಅಂಗಡಿಗಳಲ್ಲಿ ಮಾತ್ರ ಹಳೆಯ ಫಾಂಟು ಇನ್ನೂ ಉಳಿದುಕೊಂಡಿದೆ.

ಪರೀಕ್ಷೆ ಸುಲಭ. ಟೈಪು ಮಾಡಿಸಿದ ಕಡತದಿಂದ ಒಂದು ಸಾಲನ್ನು ನಕಲು ಮಾಡಿ ಶೋಧಯಂತ್ರದ ಚೌಕದಲ್ಲಿ ಅಂಟಿಸಿ. ಕನ್ನಡವಾಗಿಯೇ ಕಂಡರೆ ಸರಿ. ಚಿತ್ರವಿಚಿತ್ರ ಇಂಗ್ಲಿಷ್ ಚಿಹ್ನೆಗಳಾದರೆ ಅದು ಹಳೆಯ ಫಾಂಟು. ಯೂನಿಕೋಡಿಗೆ ಬದಲಿಸುವ ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ. ಒತ್ತಕ್ಷರಗಳಲ್ಲಿ ಹಾಗೂ ಅರ್ಕಾವೊತ್ತಿನಲ್ಲಿ ತಪ್ಪು ನುಸುಳಬಹುದಾದ್ದರಿಂದ ಒಮ್ಮೆ ಓದಿ ತಿದ್ದಬೇಕು. ಪತ್ರಿಕೆಯ ತುಣುಕಿನ ಫೋಟೋ ತೆಗೆದು ವಾಟ್ಸಾಪಿನಲ್ಲಿ ಕಳಿಸಿದರೆ ನೆಂಟರು ನೋಡಿ ಸಂತೋಷಪಟ್ಟಾರು. ಆದರೆ ಅಲ್ಲಿನ ಖಾಸಗಿ ಸಂದೇಶಗಳು ಶೋಧಯಂತ್ರಕ್ಕೆ ಸಿಗುವುದಿಲ್ಲ.

ಹುಡುಕುವವರ ಬಾಯಿಮಾತು

ಎರಡನೆಯ ಕಾರಣ ತಲೆಬರಹ. ‘ಇತಿಹಾಸದ ಮೌನ ಸಾಕ್ಷಿ’ ಎಂದು ಟೈಪು ಮಾಡಿ ವನದುರ್ಗವನ್ನು ಹುಡುಕುವವರು ಯಾರು? ಹುಡುಕುವವರ ಬಾಯಲ್ಲಿ ಬರುವ ಮಾತು ಬರಹದಲ್ಲಿ ಇರಬೇಕು. ಇಡೀ ವಿದ್ಯೆಯ ತಿರುಳು ಇಷ್ಟೇ.

ಬರೀ ‘ವನದುರ್ಗ’ ಎಂದರೂ ಸಾಲದು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಹೇಳಿರುವ ನಾಲ್ಕು ಬಗೆಯ ಕೋಟೆಗಳಲ್ಲಿ ವನದುರ್ಗವೂ ಒಂದು. ವನದುರ್ಗಾ ದೇವಿಯ ಗುಡಿಗಳು ಕರಾವಳಿಯಲ್ಲಿವೆ. ತೆಲಂಗಾಣದ ಮೆದಕ್ ಜಿಲ್ಲೆಯ ಏಡುಪಾಯಲದಲ್ಲಿ ವನದುರ್ಗಾ ಭವಾನಿಯ ಪ್ರಸಿದ್ಧ ಕ್ಷೇತ್ರವಿದೆ. ಇಷ್ಟೊಂದು ದೇವಿಯರ ನಡುವೆ ಪುಟ್ಟ ಊರೊಂದು ಮರೆಯಾಗುವುದು ಸಹಜ. ಶಹಾಪುರವೂ ಒಂದೇ ಅಲ್ಲ. ಬೆಳಗಾವಿಯಲ್ಲೊಂದು ಶಹಾಪುರ, ಮಹಾರಾಷ್ಟ್ರದ ಠಾಣೆ ಜಿಲ್ಲೆಯಲ್ಲೊಂದು ಶಹಾಪುರ. ಆದ್ದರಿಂದ ‘ವನದುರ್ಗ ಕೋಟೆ, ಶಹಾಪುರ ತಾಲ್ಲೂಕು, ಯಾದಗಿರಿ ಜಿಲ್ಲೆ’ ಎಂದು ಅಂಚೆ ವಿಳಾಸದಂತೆ ತಲೆಬರಹದಲ್ಲೋ ಮೊದಲ ವಾಕ್ಯದಲ್ಲೋ ಬರೆಯಬೇಕು. ‘ಮೌನ ಸಾಕ್ಷಿ’ ಬೇಕೇ ಬೇಕೆಂದರೆ ಅದರ ಕೆಳಗೆ ಇರಲಿ.

ಊರಿನ ಹೆಸರುಗಳು ಕಾಲಕಾಲಕ್ಕೆ ಬದಲಾಗುತ್ತವೆ ಎಂಬುದನ್ನೂ ಮರೆಯಬಾರದು. ಯಾದಗಿರಿ ಜಿಲ್ಲೆಯಾಗುವ ಮೊದಲು ಈ ಸೀಮೆ ಗುಲ್ಬರ್ಗಾ ಜಿಲ್ಲೆಯಲ್ಲಿತ್ತು. ಗುಲ್ಬರ್ಗಾ 2014ರಲ್ಲಿ ಕಲಬುರಗಿಯಾಯಿತು. ಸುರಪುರದ ಕಥೆ ಇನ್ನೂ ಸ್ವಾರಸ್ಯಕರ. 1841ರಿಂದ 1853ರವರೆಗೆ ಅಲ್ಲಿ ಆಡಳಿತಾಧಿಕಾರಿಯಾಗಿದ್ದ ಫಿಲಿಪ್ ಮೆಡೋಸ್ ಟೇಲರ್ ಲೇಖಕನೂ ಹೌದು. ಠಕ್ಕರ ಬಗೆಗಿನ ಅವನ ಕಾದಂಬರಿ 1839ರಲ್ಲಿ ಪ್ರಕಟವಾಗಿ ಇಂಗ್ಲೆಂಡಿನಲ್ಲಿ ಮನೆಮಾತಾಗಿತ್ತು. ಸುರಪುರದಲ್ಲಿದ್ದಾಗ ಅವನು ಲಂಡನ್ನಿನ ‘ಟೈಮ್ಸ್’ ಪತ್ರಿಕೆಗೆ ಸುದ್ದಿ ಬರೆದು ಕಳಿಸುತ್ತಿದ್ದ. ಬರಹ ಹಡಗಿನಲ್ಲಿ ಹೋಗಬೇಕಾಗಿತ್ತು. 1877ರಲ್ಲಿ, ಅವನ ಮರಣಾನಂತರ ಪ್ರಕಟವಾದ ಆತ್ಮಕಥೆಯಲ್ಲಿ ಊರಿನ ಹೆಸರು ‘ಶೋರಾಪುರ’ ಎಂದಿದೆ. ಹಳೆಯ ಇಂಗ್ಲಿಷ್ ದಾಖಲೆಗಳನ್ನು ಹುಡುಕುವ ವಿದ್ಯಾರ್ಥಿಗೆ ಆ ರೂಪವೂ ಗೊತ್ತಿರಬೇಕು. ಸುರಪುರದ ಬಗ್ಗೆ ಬರೆಯುವವರು ಅದನ್ನೂ ಒಮ್ಮೆ ನಮೂದಿಸಿದರೆ ಎರಡೂ ಕಡೆಯ ಓದುಗರಿಗೆ ದಾರಿ ತೆರೆಯುತ್ತದೆ.

ಊರಿನ ಮಾತಿಗೂ ಬೆಲೆಯಿದೆ. ‘ಕೋಟೆ’ ಎಂಬ ಪದವಿರುವ ಪುಟಗಳು ಲೆಕ್ಕವಿಲ್ಲದಷ್ಟು. ‘ಅಗಸಿ’, ‘ಹುಡೇವು’ ಎಂಬ ಪದಗಳಿರುವ ಪುಟಗಳು ಕಡಿಮೆ. ‘ಅಗಸಿ, ಎಂದರೆ ಊರ ಹೆಬ್ಬಾಗಿಲು’ ಎಂದು ಒಂದೇ ವಾಕ್ಯದಲ್ಲಿ ಎರಡನ್ನೂ ಬರೆದರೆ ಮೈಸೂರಿನವರಿಗೂ ತಿಳಿಯಿತು, ಸೂಚಿಗೂ ಸೇರಿತು. ಗ್ರಾಂಥಿಕವಾಗಲೆಂದು ಊರಿನ ಪದಗಳನ್ನು ಅಳಿಸುವವರು ತಮ್ಮ ವಿಳಾಸವನ್ನೇ ಅಳಿಸಿದಂತೆ.

ಹೆಸರು ಮತ್ತು ವಿಶ್ವಾಸ

ಸುರಪುರ ಸೀಮೆಯ ಮುದನೂರಿನ ದೇವರ ದಾಸಿಮಯ್ಯನ ವಚನಗಳು ಇಷ್ಟು ಶತಮಾನಗಳ ನಂತರವೂ ಅವನವೆಂದು ಗುರುತು ಸಿಗುವುದು ಹೇಗೆ? ‘ರಾಮನಾಥ’ ಎಂಬ ಅಂಕಿತದಿಂದ. ತಾಳೆಗರಿಯಿಂದ ತಾಳೆಗರಿಗೆ ನಕಲಾದರೂ ಅಂಕಿತ ಜೊತೆಗೇ ಸಾಗಿತು. ಆದರೆ ಜೇಡರ ದಾಸಿಮಯ್ಯ ಮತ್ತು ದೇವರ ದಾಸಿಮಯ್ಯ ಒಬ್ಬರೇ, ಇಬ್ಬರೇ ಎಂಬ ಚರ್ಚೆ ವಿದ್ವಾಂಸರಲ್ಲಿ ಇಂದಿಗೂ ಇದೆ! ಹೊಸ ಬರಹಗಾರರಿಗೆ ಇದರಲ್ಲಿ ಪಾಠವಿದೆ. ಒಂದು ಕಡೆ ಕಾವ್ಯನಾಮ, ಇನ್ನೊಂದು ಕಡೆ ಮನೆತನದ ಹೆಸರು, ಮತ್ತೊಂದು ಕಡೆ ಬರೀ ಇನಿಷಿಯಲ್ ಹಾಕಿದರೆ ಒಬ್ಬರ ಬರಹ ಮೂವರಿಗೆ ಹಂಚಿಹೋಗುತ್ತದೆ. ಹೆಸರು ಒಂದೇ ಇರಲಿ, ಕಾಗುಣಿತವೂ ಒಂದೇ ಇರಲಿ.

ಪದ ಹೊಂದಿದ ಪುಟಗಳು ನೂರಾರು ಸಿಕ್ಕರೆ ಮೊದಲು ಯಾವುದನ್ನು ತೋರಿಸಬೇಕು? ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧನ ವಿದ್ಯಾರ್ಥಿಗಳಾಗಿದ್ದ ಲ್ಯಾರಿ ಪೇಜ್ ಮತ್ತು ಸರ್ಗೀ ಬ್ರಿನ್ ಇದಕ್ಕೊಂದು ಉಪಾಯ ಕಂಡುಹಿಡಿದು 1998ರಲ್ಲಿ ಗೂಗಲ್ ಸ್ಥಾಪಿಸಿದರು. ಬೇರೆ ಪುಟಗಳು ಯಾವ ಪುಟದತ್ತ ಕೈ ತೋರಿಸುತ್ತವೆಯೋ ಅದಕ್ಕೆ ಹೆಚ್ಚು ಮಾನ. ಕೈ ತೋರಿಸುವವರು ಗಣ್ಯರಾದಷ್ಟೂ ಮಾನ ಹೆಚ್ಚು. ಹೊಸ ಊರಿಗೆ ಬಂದವರು ವೈದ್ಯರ ಮನೆ ಯಾವುದೆಂದು ಹಿರಿಯರನ್ನು ಕೇಳುವುದಿಲ್ಲವೇ, ಹಾಗೆಯೇ. ಈಗ ಇನ್ನೂ ಅನೇಕ ಅಂಶಗಳು ಲೆಕ್ಕಕ್ಕೆ ಬರುತ್ತವೆಯಾದರೂ ಈ ತತ್ವ ಉಳಿದಿದೆ. ಕಾಲೇಜಿನ ತಾಣವೋ, ಪತ್ರಿಕೆಯ ತಾಣವೋ ನಮ್ಮ ಹುಡುಗಿಯ ಪುಟವನ್ನು ಉಲ್ಲೇಖಿಸಿದರೆ ಅದೇ ದೊಡ್ಡ ಶಿಫಾರಸು.

ಪಾಲಕರಿಗೆ ಎರಡು ಮಾತು

ಶಿಫಾರಸು ಎಂದೊಡನೆ ಅಡ್ಡದಾರಿಯೂ ಹುಟ್ಟುತ್ತದೆ. ಒಂದೇ ಪದವನ್ನು ಐವತ್ತು ಸಲ ತುರುಕುವುದು, ಬಿಳಿ ಹಾಳೆಯ ಮೇಲೆ ಬಿಳಿ ಅಕ್ಷರದಲ್ಲಿ ಪದಗಳನ್ನು ಬಚ್ಚಿಡುವುದು, ದುಡ್ಡು ಕೊಟ್ಟು ಕೊಂಡಿಗಳನ್ನು ಕೊಳ್ಳುವುದು ಎಲ್ಲ ನಡೆದಿವೆ. ಗೂಗಲ್ 2011ರಲ್ಲಿ ಮತ್ತು 2012ರಲ್ಲಿ ನಿಯಮಗಳನ್ನು ಬಿಗಿಗೊಳಿಸಿ ಇಂಥ ಪುಟಗಳನ್ನು ಕೆಳಕ್ಕೆ ತಳ್ಳಿತು. ಹಣ ಕೊಟ್ಟರೆ ಮೊದಲ ಪುಟದಲ್ಲಿ ತರುತ್ತೇವೆಂದು ಖಾತ್ರಿ ಕೊಡುವವರನ್ನು ನಂಬಬೇಡಿ. ಅಂಥ ಖಾತ್ರಿ ಯಾರೂ ಕೊಡಲಾರರೆಂದು ಗೂಗಲ್ ತಾನೇ ಹೇಳಿದೆ. ಹಣ ಪಡೆದು ಮೇಲೆ ತೋರಿಸುವುದು ಜಾಹೀರಾತು, ಅದರ ಮೇಲೆ ಆ ಗುರುತು ಇರುತ್ತದೆ. ಮಕ್ಕಳು ಲೇಖನದ ಕೆಳಗೆ ಮನೆಯ ವಿಳಾಸ, ಫೋನ್ ನಂಬರು ಹಾಕದಂತೆಯೂ ನೋಡಿಕೊಳ್ಳಿ. ಸಂಪರ್ಕಕ್ಕೆ ಪ್ರತ್ಯೇಕ ಇ–ಮೇಲ್ ವಿಳಾಸವೊಂದು ಸಾಕು.

2024ರಿಂದ ಗೂಗಲ್ ಕೆಲವು ಪ್ರಶ್ನೆಗಳಿಗೆ ಯಂತ್ರವೇ ಬರೆದ ಸಾರಾಂಶವನ್ನು ಮೇಲ್ಗಡೆ ಕೊಡುತ್ತಿದೆ. ಇನ್ನು ಬರೆದು ಏನು ಫಲ ಎಂದು ಕೆಲವರು ಕೈಕಟ್ಟಿ ಕೂರುವುದುಂಟು. ಆದರೆ ಸಾರಾಂಶಕ್ಕೂ ಮೂಲ ಬೇಕು. ಅಜ್ಜ ಹೇಳಿದ ಸಂಗತಿ, ಕೈಯಾರೆ ಅಳೆದ ಅಗಸಿಯ ಅಗಲ ಯಾರಾದರೂ ಬರೆಯದೆ ಯಂತ್ರಕ್ಕೆ ಹೊಳೆಯುವುದಿಲ್ಲ.

ನಮ್ಮ ಹುಡುಗಿ ಈಗ ಮಾಡಬೇಕಾದದ್ದು ಒಂದು ಸಂಜೆಯ ಕೆಲಸ. ಅಕ್ಷರವನ್ನು ಯೂನಿಕೋಡಿಗೆ ಬದಲಿಸಿ ತಿದ್ದುವುದು. ತಲೆಬರಹಕ್ಕೆ ಊರು, ತಾಲ್ಲೂಕು, ಜಿಲ್ಲೆ ಸೇರಿಸುವುದು. ಕೆಳಗೆ ತನ್ನ ಹೆಸರನ್ನು ನೆಟ್ಟಗೆ ಬರೆಯುವುದು. ಆಮೇಲೆ ಯಂತ್ರ ಬಂದು ಓದಲು ಕೆಲವು ದಿನಗಳು, ಕೆಲವೊಮ್ಮೆ ವಾರಗಳೇ ಹಿಡಿಯಬಹುದು. ಅಷ್ಟರಲ್ಲಿ ಅಜ್ಜನ ಹತ್ತಿರ ಕೂತು ಎರಡನೆಯ ಲೇಖನಕ್ಕೆ ಬೇಕಾದದ್ದನ್ನು ಕೇಳಿಟ್ಟುಕೊಳ್ಳಬಹುದು. ಆ ಕೆಲಸವನ್ನು ಮಾತ್ರ ಮುಂದಕ್ಕೆ ಹಾಕುವಂತಿಲ್ಲ.