ಇರುವೆಯ ಕಾಲು ಎಣಿಸಿದ್ದೀರಾ?

ಪುಟಾಣಿಗಳೇ, ಇರುವೆಗೆ ಎಷ್ಟು ಕಾಲು? ಆರು ಎಂದು ಪಾಠದಲ್ಲಿ ಓದಿದ್ದೀರಿ. ಆದರೆ ಓಡಾಡುವ ಇರುವೆಯ ಕಾಲುಗಳನ್ನು ಎಂದಾದರೂ ಎಣಿಸಿ ನೋಡಿದ್ದೀರಾ?

ನಮ್ಮ ಗಂಗೊಳ್ಳಿಯಲ್ಲಿ ಮಾವು, ಗೇರು ಮರಗಳ ಹಸಿರೆಲೆಗಳನ್ನು ಸೇರಿಸಿ ಹೊಲಿದು ಗೂಡು ಕಟ್ಟುವ ಕೆಂಪಿರುವೆಗಳನ್ನು ನೀವೆಲ್ಲ ಬಲ್ಲಿರಿ. ಕಚ್ಚಿದರೆ ಉರಿಯೋ ಉರಿ! ನಮ್ಮ ಕರಾವಳಿಯಲ್ಲಿ ಇವುಗಳ ಸಾಲಿನ ಆಸುಪಾಸಿನಲ್ಲೇ ಇನ್ನೊಂದು ಜೀವಿ ಓಡಾಡುತ್ತದೆ. ಅದೇ ಬಣ್ಣ, ಅದೇ ಸಣ್ಣ ಸೊಂಟ. ಕಾಲು ಎಣಿಸಿದರೆ ಮಾತ್ರ ಎಂಟು! ಅದು ಇರುವೆಯ ವೇಷ ಹಾಕಿದ ಜೇಡ. ಮುಂದಿನ ಎರಡು ಕಾಲುಗಳನ್ನು ಮೇಲೆತ್ತಿ ಇರುವೆಯ ಕುಡಿಮೀಸೆಯಂತೆ ಆಡಿಸುತ್ತದೆ. ಕಚ್ಚುವ ಇರುವೆಯ ತಂಟೆಗೆ ಹೆಚ್ಚಿನ ಪ್ರಾಣಿಗಳು ಬರುವುದಿಲ್ಲ. ಆ ಹೆದರಿಕೆಯೇ ಜೇಡಕ್ಕೆ ರಕ್ಷಣೆ. ಯಕ್ಷಗಾನದ ವೇಷಧಾರಿಯೂ ತಲೆದೂಗಬೇಕು!

ಇದರ ಚಿತ್ರ ತೆಗೆಯಲು ನಾನು ಮ್ಯಾಕ್ರೋ ಲೆನ್ಸ್ ಬಳಸುತ್ತೇನೆ. ಅಷ್ಟು ಹತ್ತಿರದಿಂದ ನೋಡುವಾಗ ಒಂದೆರಡು ಮಿಲಿಮೀಟರ್‌ನಷ್ಟು ಭಾಗ ಮಾತ್ರ ಸ್ಪಷ್ಟ, ಉಳಿದದ್ದೆಲ್ಲ ಮಸುಕು. ನಾನು ಉಸಿರು ಬಿಟ್ಟರೂ ಫೋಕಸ್ ತಪ್ಪುತ್ತದೆ. ಹೊತ್ತೇರಿದರೆ ಕಡಲಗಾಳಿ ಎದ್ದು ಎಲೆ ಅಲುಗುತ್ತದೆ. ಅದಕ್ಕೇ ಬೆಳಗ್ಗೆ ಬೇಗ ಹೋಗಿ, ನನ್ನ ನೆರಳು ಬೀಳದಂತೆ ಕೂತು ಕಾಯುತ್ತೇನೆ. ಜೇಡ ಹೆದರಿದರೆ ನೂಲು ಬಿಟ್ಟು ಸರ್ರನೆ ಕೆಳಗಿಳಿಯುತ್ತದೆ. ಮತ್ತೆ ಮೊದಲಿನಿಂದ ಕಾಯಬೇಕು.

ಇಷ್ಟು ಕಾಯಲಾರದೆ ಹುಳುಗಳನ್ನು ಹಿಡಿದು, ಫ್ರಿಜ್‌ನಲ್ಲಿಟ್ಟು, ಮರಗಟ್ಟಿಸಿ ಚಿತ್ರ ತೆಗೆಯುವವರೂ ಇದ್ದಾರೆ. ಚಿತ್ರವೇನೋ ಸ್ಪಷ್ಟವಾಗಿ ಬರಬಹುದು. ಆದರೆ ಚಳಿಗೆ ಮರಗಟ್ಟಿದ ಜೇಡ ಕಾಲೆತ್ತಿ ಮೀಸೆ ಆಡಿಸೀತೇ? ಅದರ ಜಾಣತನವೇ ಇಲ್ಲದ ಚಿತ್ರದಿಂದ ನಾವು ಕಲಿಯುವುದೇನು? ಜೀವಕ್ಕೆ ನೋವು ಬೇರೆ. ಚಿತ್ರ ಸಿಗದಿದ್ದರೂ ಚಿಂತೆಯಿಲ್ಲ, ನಾನು ಕಾಯುವುದನ್ನೇ ಆರಿಸಿಕೊಳ್ಳುತ್ತೇನೆ.

ಅಜ್ಜ, ಅಜ್ಜಿಯರೇ, ಹರಿದ ಬಲೆಯ ಒಂದೊಂದೇ ಕಣ್ಣು ಹೆಣೆದವರಿಗೆ, ಪಂಚಗಂಗಾವಳಿಯ ದಡದಲ್ಲಿ ಗಾಳ ಹಾಕಿ ಕೂತವರಿಗೆ ಈ ವಿದ್ಯೆ ಹೊಸದಲ್ಲ. ಈ ಭಾನುವಾರ ಮೊಮ್ಮಕ್ಕಳನ್ನು ಕರೆದುಕೊಂಡು ಒಂದು ಮರದ ಬಳಿ ಹತ್ತು ನಿಮಿಷ ಸುಮ್ಮನೆ ಕೂರಿ. ಕ್ಯಾಮೆರಾ ಬೇಕಿಲ್ಲ, ಒಂದು ಭೂತಗನ್ನಡಿ ಸಾಕು. ಗೂಡು ಮುಟ್ಟಬೇಡಿ, ಸಾಲಿಗೆ ಅಡ್ಡ ಬರಬೇಡಿ.

ಮಕ್ಕಳೇ, ಈಗ ಎಣಿಸಿ. ಆರೋ, ಎಂಟೋ?