ಹನ್ನೊಂದು ಗಂಟೆಯ ದೋಹಾ, ಐದು ಜಾಗಗಳ ಪಟ್ಟಿ

ಎರಡು ವಿಮಾನಗಳ ನಡುವೆ ಹತ್ತು ಹನ್ನೆರಡು ಗಂಟೆ ಯಾವುದೋ ಪರದೇಶದ ಊರಿನಲ್ಲಿ ಕಾಯಬೇಕಾಗಿ ಬಂದವರಿಗೆ ಬುದ್ಧಿ ಹೇಳುವವರಿಗೆ ಬರವಿಲ್ಲ. ಲೇಓವರ್ ಎಂದರೆ ಪುಕ್ಕಟೆ ಸಿಕ್ಕ ಪ್ರವಾಸ, ಒಂದು ನಿಮಿಷವನ್ನೂ ಹಾಳು ಮಾಡಬೇಡಿ, ಸಮಯದ ಸದುಪಯೋಗ ಮಾಡಿಕೊಳ್ಳಿ ಎನ್ನುತ್ತಾರೆ. ಎಂಟು ಗಂಟೆಯಲ್ಲಿ ಇಸ್ತಾಂಬುಲ್, ಆರು ಗಂಟೆಯಲ್ಲಿ ಸಿಂಗಪುರ, ಅರ್ಧ ದಿನದಲ್ಲಿ ದೋಹಾ. ವಿಮಾನ ನಿಲ್ದಾಣದ ಕುರ್ಚಿಯಲ್ಲಿ ಸೊಟ್ಟಗೆ ಮಲಗಿ ಏಳುವುದಕ್ಕಿಂತ ಹೊರಗೆ ಹೋಗಿ ಬರುವುದು ಒಳ್ಳೆಯದು, ಅದರಲ್ಲಿ ಎರಡು ಮಾತಿಲ್ಲ. ನನ್ನ ತಕರಾರು ಇರುವುದು ಆ ‘ಸದುಪಯೋಗ’ ಎಂಬ ಪದದ ಮೇಲೆ.

ಹಾಗೆಂದು ನಾನೇನೂ ಇದರಿಂದ ಹೊರತಾದವಳಲ್ಲ. ಯುರೋಪಿನಲ್ಲೊಂದು ಸಮ್ಮೇಳನ ಮುಗಿಸಿ ಬೆಂಗಳೂರಿಗೆ ಹಿಂತಿರುಗುವಾಗ ದೋಹಾದಲ್ಲಿ ಹನ್ನೊಂದು ಗಂಟೆ ಕಾಯಬೇಕಿತ್ತು. ಸಂಶೋಧನಾ ವಿದ್ಯಾರ್ಥಿಗಳ ಟಿಕೆಟ್ಟು ಎಷ್ಟು ಅಗ್ಗವೋ ಕಾಯುವಿಕೆ ಅಷ್ಟೇ ಉದ್ದ. ನಾನೂ ಒಂದು ಪಟ್ಟಿ ಮಾಡಿಕೊಂಡಿದ್ದೆ: ಇಸ್ಲಾಮಿಕ್ ಕಲಾ ಮ್ಯೂಸಿಯಂ, ನ್ಯಾಷನಲ್ ಮ್ಯೂಸಿಯಂ, ಕಾರ್ನಿಷ್ ಎಂದು ಕರೆಯುವ ಕಡಲದಂಡೆ, ಸೂಕ್ ವಾಕಿಫ್ ಮಾರುಕಟ್ಟೆ, ಕತಾರಾ. ಒಂದೊಂದಕ್ಕೆ ಐವತ್ತು ನಿಮಿಷ. ಪಿಎಚ್‌ಡಿ ಅಧ್ಯಾಯಗಳಿಗೆ ಎಂದೂ ತೋರದ ಶಿಸ್ತನ್ನು ಆ ಪಟ್ಟಿಗೆ ತೋರಿಸಿದ್ದೆ.

ಇಂಥ ಪಟ್ಟಿ ಮಾಡುವವರು ಮೊದಲು ಮರೆಮಾಚುವುದು ಪಾಸ್‌ಪೋರ್ಟನ್ನು. ಹೊರಗೆ ಕಾಲಿಡಬಹುದೋ ಇಲ್ಲವೋ ಎಂಬುದನ್ನು ನಿರ್ಧರಿಸುವುದು ನಿಮ್ಮ ಬಳಿ ಎಷ್ಟು ಗಂಟೆಗಳಿವೆ ಎಂಬುದಲ್ಲ, ಕೈಯಲ್ಲಿರುವ ಪುಸ್ತಕದ ಬಣ್ಣ. ಸಿಂಗಪುರದ ವಿಮಾನ ನಿಲ್ದಾಣ ಪ್ರಯಾಣಿಕರಿಗೆ ಉಚಿತ ನಗರ ದರ್ಶನ ಮಾಡಿಸುತ್ತದೆ. ಆದರೆ ಭಾರತೀಯರು ಅಲ್ಲಿ ವೀಸಾ ಇಲ್ಲದೆ 96 ಗಂಟೆ ಇರಬೇಕಾದರೆ ಅಮೆರಿಕ, ಬ್ರಿಟನ್, ಜಪಾನಿನಂಥ ದೇಶವೊಂದರ ವೀಸಾ ಮೊದಲೇ ಕೈಯಲ್ಲಿರಬೇಕು. ಶ್ರೀಮಂತರೊಬ್ಬರು ನಿಮಗೆ ಜಾಮೀನು ನಿಂತರೆ ನೆಂಟರ ಮನೆ ಬಾಗಿಲು ತೆರೆದ ಹಾಗೆ. ಯುರೋಪಿನ ಷೆಂಗೆನ್ ನಿಯಮದಲ್ಲಿ ಇನ್ನೂ ಕಠಿಣವಾದ ಪಟ್ಟಿಯೊಂದಿದೆ. ಶ್ರೀಲಂಕಾ, ಬಾಂಗ್ಲಾದೇಶ, ನೈಜೀರಿಯಾ ಸೇರಿ ಹನ್ನೆರಡು ದೇಶಗಳವರು ನಿಲ್ದಾಣದೊಳಗೆ ಸುಮ್ಮನೆ ಕೂತು ವಿಮಾನ ಬದಲಿಸುವುದಕ್ಕೂ ಸಾಮಾನ್ಯವಾಗಿ ವೀಸಾ ಬೇಕು. ಅವರಿಗೆ ಯಾರು ಸದುಪಯೋಗದ ಪಾಠ ಹೇಳುತ್ತಾರೆ? ಕತಾರ್ ಕೆಲವು ಷರತ್ತುಗಳ ಮೇಲೆ ನಮ್ಮನ್ನು ಒಳಗೆ ಬಿಡುತ್ತದೆ. ಹಾಗಾಗಿ ನಾನು ಹೊರಗೆ ಬಂದೆ.

ನಿಲ್ದಾಣದಿಂದಲೇ ಮೆಟ್ರೊ ಇದೆ, ಎರಡು ರಿಯಾಲ್ ಟಿಕೆಟ್. ರೈಲಿನಲ್ಲಿ ಅಮ್ಮನ ಜೊತೆ ಫೋನಿನಲ್ಲಿ ಮಾತಾಡಿ ಮುಗಿಸುತ್ತಿದ್ದಂತೆ ಎದುರಿಗಿದ್ದವರು ಕೇಳಿದರು: “ಊರಲ್ಲಿ ಎಲ್ಲಾಯ್ತು ನಿಮ್ಗೆ?” ಪುತ್ತೂರಿನ ಕಡೆಯವರು. ಹೋಟೆಲೊಂದರ ಅಡುಗೆಮನೆಯಲ್ಲಿ ಕೆಲಸ, ರಾತ್ರಿ ಪಾಳಿ ಮುಗಿಸಿ ರೂಮಿಗೆ ಹೊರಟಿದ್ದರು. ನನ್ನ ಪಟ್ಟಿಯನ್ನು ಓದಿ ಹೇಳಿದೆ. ಅವರು ಜೋರಾಗಿ ನಕ್ಕರು. “ನೀವು ಹನ್ನೊಂದು ಗಂಟೆಯಲ್ಲಿ ಐದು ನೋಡ್ತೀರಿ. ನಾನು ಒಂಬತ್ತು ವರ್ಷದಲ್ಲಿ ಎರಡು ನೋಡಿದ್ದು ಮಾರಾಯ್ರೆ. ವಾರಕ್ಕೊಂದು ರಜೆ. ಬಟ್ಟೆ ಒಗೀಲಿಕ್ಕುಂಟು, ಮನೆಗೆ ಫೋನ್ ಮಾಡ್ಲಿಕ್ಕುಂಟು, ನಿದ್ದೆ ಮಾಡ್ಲಿಕ್ಕುಂಟು.” ಆ ಮಾತಿನಲ್ಲಿ ಕಹಿಯಿರಲಿಲ್ಲ. ನನಗೆ ಮಾತ್ರ ಪಟ್ಟಿಯನ್ನು ಮತ್ತೆ ತೆರೆಯಲು ನಾಚಿಕೆಯಾಯಿತು.

ಮುಶೈರೆಬ್ ನಿಲ್ದಾಣದಲ್ಲಿ ಇಳಿದು ಮಾರುಕಟ್ಟೆಯ ಕಡೆ ನಡೆಯುವಾಗ ಬಿನ್ ಜಲ್ಮೂದ್ ಮನೆ ಕಂಡಿತು. ಅದು ನನ್ನ ಪಟ್ಟಿಯಲ್ಲಿರಲಿಲ್ಲ. ಒಂದು ಕಾಲಕ್ಕೆ ಅದು ಗುಲಾಮರ ವ್ಯಾಪಾರಿಯ ಮನೆ, ಈಗ ಗುಲಾಮಗಿರಿಯ ಇತಿಹಾಸ ಹೇಳುವ ಮ್ಯೂಸಿಯಂ. ಪೂರ್ವ ಆಫ್ರಿಕಾದಿಂದ ಹಿಂದೂ ಮಹಾಸಾಗರ ದಾಟಿಸಿ ತಂದ ಜನರನ್ನು ಇಲ್ಲಿ ಮುತ್ತಿಗಾಗಿ ಸಮುದ್ರದಲ್ಲಿ ಮುಳುಗಿಸುತ್ತಿದ್ದರು. ಆ ಮುತ್ತುಗಳ ದೊಡ್ಡ ಮಾರುಕಟ್ಟೆ ನಮ್ಮ ಬೊಂಬಾಯಿ. ಎಣ್ಣೆ ಸಿಕ್ಕ ಮೇಲೆ ಅದೇ ಜನ ತೈಲ ಕಂಪನಿಯಲ್ಲಿ ದುಡಿದರು, ಅವರ ಕೂಲಿಯ ಪಾಲು ಒಡೆಯರ ಕೈ ಸೇರುತ್ತಿತ್ತು. ಕತಾರಿನಲ್ಲಿ ಗುಲಾಮಗಿರಿ ರದ್ದಾದದ್ದು 1952ರಲ್ಲಿ. ಅಂದರೆ ನಮ್ಮ ಸಂವಿಧಾನ ಜಾರಿಗೆ ಬಂದು ಎರಡು ವರ್ಷದ ಮೇಲೆ. ಕಥೆ ಅಲ್ಲಿಗೇ ನಿಲ್ಲುವುದಿಲ್ಲ. ಇಂದಿನ ಜಗತ್ತಿನ ಶೋಷಣೆಯ ರೂಪಗಳ ಬಗ್ಗೆಯೂ ಆ ಮನೆ ಮಾತಾಡುತ್ತದೆ.

ಐವತ್ತು ನಿಮಿಷ ಎಂದುಕೊಂಡು ಒಳಹೊಕ್ಕವಳು ಮೂರು ಗಂಟೆ ಅಲ್ಲಿಯೇ ಇದ್ದೆ. ಕಾರಣ ಸರಳ. ಆ ಕಡಲದಾರಿಯ ಇನ್ನೊಂದು ಕವಲು ಬಂದು ಮುಟ್ಟುವುದು ನಮ್ಮ ಉತ್ತರ ಕನ್ನಡದ ಕಾಡಿಗೆ. ಯಲ್ಲಾಪುರ, ಹಳಿಯಾಳದ ಸಿದ್ದಿಗಳ ಪೂರ್ವಜರಲ್ಲಿ ಬಹಳಷ್ಟು ಮಂದಿಯನ್ನು ಇದೇ ಸಾಗರದ ಮೇಲೆ ಗುಲಾಮರಾಗಿ ಪೋರ್ಚುಗೀಸರ ಗೋವಾಕ್ಕೆ ತರಲಾಗಿತ್ತು. ಅಲ್ಲಿಂದ ತಪ್ಪಿಸಿಕೊಂಡವರು, ಬಿಡುಗಡೆಯಾದವರು ಘಟ್ಟದ ಕಾಡು ಸೇರಿದರು. ಅವರ ಮಕ್ಕಳ ಮೊಮ್ಮಕ್ಕಳು ಇಂದು ಕೊಂಕಣಿ, ಕನ್ನಡ ಮಾತಾಡುತ್ತಾರೆ. ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು 2003ರಲ್ಲಿ. ಶಾಲೆಯಲ್ಲಿ ನಾನು ಈ ಇತಿಹಾಸವನ್ನು ಒಂದು ಸಾಲಿನಷ್ಟೂ ಓದಿರಲಿಲ್ಲ. ಅದರ ಭೂಪಟವನ್ನು ಪರದೇಶದ ಮನೆಯೊಂದರಲ್ಲಿ, ವಿಮಾನ ಕಾಯುತ್ತಾ ನೋಡಬೇಕಾಯಿತು.

ಈಗ ನನ್ನ ಜಗಳಕ್ಕೆ ಬರುತ್ತೇನೆ. ಕಡಿಮೆ ಗಂಟೆಗಳಲ್ಲಿ ಹೆಚ್ಚು ಜಾಗ ಎಂಬ ಲೆಕ್ಕ ಊರನ್ನು ಕಟ್ಟಡಗಳಾಗಿ ಮಾತ್ರ ತೋರಿಸುತ್ತದೆ. ಐ.ಎಂ. ಪೇ ವಿನ್ಯಾಸ ಮಾಡಿದ ಮ್ಯೂಸಿಯಂ ಎನ್ನುತ್ತೇವೆ. ಜೂನ್‌ನಿಂದ ಸೆಪ್ಟೆಂಬರ್ ನಡುವರೆಗೆ ಬೆಳಗ್ಗೆ ಹತ್ತರಿಂದ ಮೂರೂವರೆವರೆಗೆ ಬಯಲಿನಲ್ಲಿ ದುಡಿಸಬಾರದು ಎಂದು ಕಾನೂನು ಮಾಡಬೇಕಾದಷ್ಟು ಬಿಸಿಲಿರುವ ಊರಿನಲ್ಲಿ ಕಟ್ಟಡಗಳ ಕಲ್ಲು ಹೊತ್ತವರು ಯಾರು ಎಂದು ಕೇಳುವುದಿಲ್ಲ. 2021ರಿಂದ ಅಲ್ಲಿ ಕನಿಷ್ಠ ವೇತನ ತಿಂಗಳಿಗೆ 1,000 ರಿಯಾಲ್. ನಾವು ಫೋಟೊ ತೆಗೆದುಕೊಳ್ಳುವ ಹೋಟೆಲಿನ ಒಂದು ರಾತ್ರಿಯ ಬಾಡಿಗೆಯ ಪಕ್ಕದಲ್ಲಿ ಅದನ್ನಿಟ್ಟು ನೋಡಿ. ಕರಾವಳಿಯ ಎಷ್ಟೋ ಮನೆಗಳ ತಾರಸಿ, ಎಷ್ಟೋ ಹುಡುಗಿಯರ ಕಾಲೇಜು ಫೀಸು ಕೊಲ್ಲಿ ದೇಶಗಳ ದುಡಿಮೆಯಿಂದ ಬಂದದ್ದು. ಮಲಯಾಳಂ ಓದುಗರಿಗೆ ಬೆನ್ಯಾಮಿನ್ ಅವರ ‘ಆಡುಜೀವಿತಂ’ ಇದೆ. ನನ್ನ ಕಪಾಟಿನಲ್ಲಿರುವ ಕನ್ನಡದ ಪ್ರವಾಸ ಕಥನಗಳಲ್ಲಂತೂ ಲಂಡನ್ ಇದೆ, ಅಮೆರಿಕ ಇದೆ. ಕೊಲ್ಲಿ ಎಂದರೆ ವಿಮಾನ ಬದಲಿಸುವ ಜಾಗ, ಅಷ್ಟೇ. ನಮ್ಮವರೇ ತುಂಬಿರುವ ಊರುಗಳನ್ನು ನಾವು ಬರೀ ದಾಟಿ ಹೋಗುತ್ತಿದ್ದೇವೆ.

“ನಿದ್ದೆಗೆಟ್ಟು ಬಂದವರು ನಾಲ್ಕು ಚಂದದ ಜಾಗ ನೋಡಿ ಖುಷಿಪಟ್ಟರೆ ನಿಮಗೇನು ಕಷ್ಟ? ಎಲ್ಲದಕ್ಕೂ ಪಾಪಪ್ರಜ್ಞೆ ಯಾಕೆ?” ಎಂದು ಗೆಳತಿ ಕೇಳಿದಳು. ನ್ಯಾಯವಾದ ಪ್ರಶ್ನೆ. ಪಾಪಪ್ರಜ್ಞೆಯಿಂದ ಯಾರಿಗೂ ಉಪಯೋಗವಿಲ್ಲ, ನಾನು ಕೊರಗಿದ್ದರಿಂದ ಪುತ್ತೂರಿನ ಅಣ್ಣನಿಗೆ ಇನ್ನೊಂದು ರಜೆ ಸಿಗುವುದಿಲ್ಲ. ಆದರೆ ಐದು ಜಾಗ ಓಡಾಡಿ ಬಂದವರನ್ನು ಏನು ನೋಡಿದಿರಿ ಎಂದು ಕೇಳಿ. ಫೋನ್ ತೆಗೆದು ತೋರಿಸುತ್ತಾರೆ. ಬಾಯಲ್ಲಿ ಹೇಳಲು ಕಥೆ ಇರುವುದಿಲ್ಲ. ಖುಷಿಯ ಲೆಕ್ಕದಲ್ಲಿಯೂ ಅದು ನಷ್ಟದ ಬಾಬತ್ತು.

ಹಾಗಾಗಿ ನನ್ನದೂ ಒಂದು ಬುದ್ಧಿಮಾತು ಇರಲಿ. ವಿಮಾನಕ್ಕೆ ಮೂರು ಗಂಟೆ ಮುಂಚೆ ವಾಪಸಾಗುವಂತೆ ಲೆಕ್ಕ ಹಾಕಿ. ಟ್ಯಾಕ್ಸಿ ಬಿಟ್ಟು ಮೆಟ್ರೊ, ಬಸ್ಸು ಹಿಡಿಯಿರಿ, ಊರಿನಲ್ಲಿ ಕೆಲಸ ಮಾಡುವವರು ಅಲ್ಲಿರುತ್ತಾರೆ. ಅವರು ಉಣ್ಣುವ ಕಡೆ ಉಣ್ಣಿ. ಒಂದೇ ಒಂದು ಜಾಗ ಆರಿಸಿಕೊಳ್ಳಿ. ನಿಮ್ಮ ಊರಿಗೂ ಅದಕ್ಕೂ ಏನು ನಂಟು ಎಂದು ಹೊರಡುವ ಮೊದಲೇ ಹುಡುಕಿ. ಅಲ್ಲಿ ಬೇಸರ ಬರುವವರೆಗೆ ಕೂತಿರಿ.

ಸಂಜೆ ನಿಲ್ದಾಣಕ್ಕೆ ಮರಳಿದಾಗ ಅಲ್ಲಿನ ಪ್ರಸಿದ್ಧ ಹಳದಿ ಕರಡಿ ಬೊಂಬೆಯ ಮುಂದೆ ಫೋಟೊಗೆ ಸಾಲು ನಿಂತಿತ್ತು. ಬೊಂಬೆಯ ಬುಡದಲ್ಲಿ ಒಬ್ಬಾತ ನೆಲ ಒರೆಸುತ್ತಿದ್ದ. ಫೋಟೊ ತೆಗೆಯುವವರು ಅವನು ಚೌಕಟ್ಟಿನಿಂದ ಆಚೆ ಹೋಗಲಿ ಎಂದು ಫೋನ್ ಹಿಡಿದು ಕಾಯುತ್ತಿದ್ದರು. ಬೆಳಗ್ಗೆ ಬಂದಿಳಿದಾಗ ನಾನೂ ಹಾಗೇ ಕಾದಿದ್ದೆ.