ನಾಗವಲ್ಲಿಗೆ ಏನು ಬೇಕಿತ್ತು?

2004ರಲ್ಲಿ ‘ಆಪ್ತಮಿತ್ರ’ ಬಂದಾಗ ಜನ ಅದನ್ನು ದೆವ್ವದ ಸಿನಿಮಾ ಅಂತಲೇ ನೋಡಿದರು. ಸಿನಿಮಾ ಹೇಳಿದ್ದು ಮಾತ್ರ ದೆವ್ವ ಇಲ್ಲ ಅಂತ. ಸೌಂದರ್ಯ ಅಭಿನಯಿಸಿದ ಗಂಗಾಳ ಮೈಮೇಲೆ ಯಾರೂ ಬಂದಿಲ್ಲ, ಅವಳೇ ತನ್ನನ್ನು ನಾಗವಲ್ಲಿ ಅಂದುಕೊಂಡಿದ್ದಾಳೆ, ಇದು ಮನಸ್ಸಿನ ಕಾಯಿಲೆ ಎಂದು ವಿಷ್ಣುವರ್ಧನ್ ಅವರ ವೈದ್ಯನ ಪಾತ್ರ ಬಿಡಿಸಿ ಬಿಡಿಸಿ ಹೇಳುತ್ತದೆ. ಪ್ರೇಕ್ಷಕರು ತಲೆದೂಗಿ ಎದ್ದುಬಂದರು. ಸೌಂದರ್ಯ ಸಿನಿಮಾ ತೆರೆಗೆ ಬರುವ ಮೊದಲೇ ವಿಮಾನ ಅಪಘಾತದಲ್ಲಿ ತೀರಿಕೊಂಡಿದ್ದರು. 2009ರ ಡಿಸೆಂಬರ್ 30ರಂದು ವಿಷ್ಣುವರ್ಧನ್ ಹೋದರು. ಮುಂದುವರಿದ ಭಾಗ ‘ಆಪ್ತರಕ್ಷಕ’ 2010ರಲ್ಲಿ ಅವರಿಲ್ಲದೆ ತೆರೆಕಂಡಿತು. ಆಗ ಅದೇ ಪ್ರೇಕ್ಷಕರು ‘ಇದೆಲ್ಲ ನಾಗವಲ್ಲಿ ಕಾಟ’ ಅಂದರು. ವೈದ್ಯರ ಮಾತು ಗಾಂಧಿನಗರದಿಂದ ಮದ್ದೂರಿನ ಟೆಂಟಿನವರೆಗೂ ಎಲ್ಲೂ ನಿಂತಿರಲಿಲ್ಲ.

ಇದನ್ನು ಮೂಢನಂಬಿಕೆ ಅಂತ ತಳ್ಳಿಹಾಕುವುದು ಸುಲಭ. ಆದರೆ ಭಯದ ಕತೆಯೊಂದರ ಮುಖ್ಯ ಪಾತ್ರಕ್ಕೆ ಮನಶ್ಶಾಸ್ತ್ರದ ಹೆಸರು ಹಚ್ಚಿದ ಮೇಲೂ ಓದುಗನಿಗೆ ಏನೋ ಬಾಕಿ ಉಳಿಯುತ್ತದಲ್ಲ, ಆ ಬಾಕಿ ಏನು ಎಂಬುದು ನನಗೆ ಮುಖ್ಯ. ನನ್ನ ವಾದ ಇಷ್ಟು: ‘ಅವಳಿಗೆ ಏನಾಗಿದೆ’ ಎಂದು ಕೇಳುವ ವಿಮರ್ಶೆ ‘ಅವಳಿಗೆ ಏನು ಬೇಕು’ ಎಂಬ ಹಳೆಯ ಪ್ರಶ್ನೆಯನ್ನು ಕೈಬಿಟ್ಟಿದೆ. ಮೈಮೇಲೆ ಬಂದವಳ ಮುಂದೆ ಕೂತ ನಮ್ಮ ಹಳ್ಳಿಗಳು ಕೇಳುತ್ತಿದ್ದದ್ದು ಆ ಹಳೆಯ ಪ್ರಶ್ನೆಯನ್ನೇ.

ಹೊರಗಿನ ಪ್ರಸಿದ್ಧ ಉದಾಹರಣೆ ಹೆನ್ರಿ ಜೇಮ್ಸ್ 1898ರಲ್ಲಿ ಬರೆದ ‘ದಿ ಟರ್ನ್ ಆಫ್ ದಿ ಸ್ಕ್ರೂ’. ಹಳ್ಳಿಯ ಬಡ ಪಾದ್ರಿಯ ಮಗಳೊಬ್ಬಳು ದೊಡ್ಡ ಬಂಗಲೆಯಲ್ಲಿ ಇಬ್ಬರು ಮಕ್ಕಳಿಗೆ ಪಾಠ ಹೇಳುವ ಕೆಲಸಕ್ಕೆ ಸೇರುತ್ತಾಳೆ. ಅವಳ ಕಣ್ಣಿಗೆ ಸತ್ತ ಆಳೊಬ್ಬ, ಸತ್ತ ಉಪಾಧ್ಯಾಯಿನಿಯೊಬ್ಬಳು ಕಾಣುತ್ತಾರೆ. 1934ರಲ್ಲಿ ವಿಮರ್ಶಕ ಎಡ್ಮಂಡ್ ವಿಲ್ಸನ್ ಫ್ರಾಯ್ಡನ ಕನ್ನಡಕ ಹಾಕಿಕೊಂಡು ಓದಿ, ದೆವ್ವಗಳಿಲ್ಲ, ಇದು ಅದುಮಿಟ್ಟ ಕಾಮದ ಭ್ರಮೆ ಎಂದ. ಅಲ್ಲಿಂದ ಶುರುವಾದ ಜಗಳ ಇನ್ನೂ ಮುಗಿದಿಲ್ಲ. ನನಗೆ ಆ ಕತೆಯಲ್ಲಿ ಎದ್ದು ಕಾಣುವುದು ಬೇರೆ ಸಂಗತಿ. ಮನೆಯ ಯಜಮಾನ ಕೆಲಸ ಕೊಡುವಾಗ ಹಾಕಿದ ಷರತ್ತು ಒಂದೇ: ಏನೇ ಆದರೂ ನನಗೆ ತೊಂದರೆ ಕೊಡಬಾರದು. ಆ ಹುಡುಗಿಗೆ ಹೇಳಿಕೊಳ್ಳಲು ಒಬ್ಬ ಮನುಷ್ಯ ಬೇಕಿತ್ತು. ಅದನ್ನು ಕೆಲಸದ ಕರಾರಿನಲ್ಲೇ ಕಿತ್ತುಕೊಳ್ಳಲಾಗಿತ್ತು. ಅವಳ ಕಾಮದ ಬಗ್ಗೆ ಇಷ್ಟೊಂದು ಬರೆದವರು ಆ ಕರಾರನ್ನು ಎಷ್ಟು ಬೇಗ ದಾಟಿಬಿಡುತ್ತಾರೆ ನೋಡಿ.

ಇನ್ನೊಂದು ತಮಾಷೆ. 1886ರ ಇಂಗ್ಲಿಷ್ ಕತೆಯೊಂದರ ಡಾಕ್ಟರ್ ಜೆಕಿಲ್ ಇಬ್ಬರು ಮನುಷ್ಯರಾಗಿ ಒಡೆದಾಗ ವಿಮರ್ಶಕರು ಅವನ ಹಿಂದೆ ಇಡೀ ಲಂಡನ್ ನಗರವನ್ನು, ಮರ್ಯಾದಸ್ತರ ಸೋಗಲಾಡಿತನವನ್ನು ತಂದು ನಿಲ್ಲಿಸುತ್ತಾರೆ. ಗಂಡಸಿನ ಹುಚ್ಚಿಗೆ ಸಮಾಜ ಕಾರಣ, ಹೆಂಗಸಿನ ಹುಚ್ಚಿಗೆ ಅವಳ ಒಳಗೇ ಕಾರಣ. ಈ ಲೆಕ್ಕವನ್ನು ಯಾರು ಬರೆದಿಟ್ಟರೋ!

ಮಂಡ್ಯದ ಕಡೆ ಗಾಳಿ ಸೋಕಿದವಳನ್ನು ಕೂರಿಸಿಕೊಂಡು ಕೇಳುವ ಕ್ರಮವನ್ನು ಗಮನಿಸಿ. ತಲೆ ಬಿಚ್ಚಿಕೊಂಡು ತೂಗುತ್ತಿರುವ ಸೊಸೆ. ಮುಂದೆ ಬೇವಿನ ಸೊಪ್ಪು, ನಿಂಬೆಹಣ್ಣು, ಧೂಪದ ಹೊಗೆ. ‘ಯಾರವ್ವ ನೀನು? ಎಲ್ಲಿ ಹಿಡ್ಕಂಡೆ ಇವಳ್ನ? ಏನ್ ಬೇಕು, ಬಾಯ್ಬುಟ್ಟು ಹೇಳು.’ ಬಂದವಳು ಬಾವಿಗೆ ಬಿದ್ದು ಸತ್ತ ಓರಗಿತ್ತಿಯೋ, ಬಾಣಂತನದಲ್ಲಿ ಹೋದ ಮೊದಲ ಹೆಂಡತಿಯೋ ಆಗಿರುತ್ತಾಳೆ. ಕೇಳುವುದು ಹಸಿರು ಬಳೆ, ಒಂದು ಸೀರೆ, ಹೊಟ್ಟೆ ತುಂಬ ಕೋಳಿಸಾರು-ಮುದ್ದೆ. ಮಾವನನ್ನು ಏಕವಚನದಲ್ಲಿ ಕರೆಯುತ್ತಾಳೆ, ಅತ್ತೆಯ ಮಾನ ಹರಾಜು ಹಾಕುತ್ತಾಳೆ. ಬೇರೆ ದಿನವಾಗಿದ್ದರೆ ಹಲ್ಲು ಉದುರುತ್ತಿತ್ತು. ಇವತ್ತು ಎಲ್ಲರೂ ಕೈಕಟ್ಟಿ ಕೇಳಿಸಿಕೊಳ್ಳುತ್ತಾರೆ. ಮದ್ದೂರು ತಾಲ್ಲೂಕಿನ ಚಿಕ್ಕರಸಿನಕೆರೆಯಲ್ಲಿ ಕಾಲಭೈರವೇಶ್ವರನ ಬಸಪ್ಪನ, ಅಂದರೆ ದೇವರ ಬಸವನ ಮುಂದೆ ಜನ ಮನೆಯ ಕಷ್ಟ ತೋಡಿಕೊಳ್ಳುವುದರಲ್ಲೂ ಇದೇ ರೀತಿಯಿದೆ: ಕಷ್ಟ ಒಬ್ಬಳ ತಲೆಯೊಳಗಿಲ್ಲ, ಮನೆಯ ನಡುಮನೆಯಲ್ಲಿದೆ.

ಇದನ್ನು ಹೊಗಳಿ ಕೂರಲು ನಾನು ತಯಾರಿಲ್ಲ. ಅದೇ ಬೇವಿನ ಸೊಪ್ಪು ಚಾಟಿಯಾಗುತ್ತದೆ, ಧೂಪ ಮೆಣಸಿನಕಾಯಿ ಹೊಗೆಯಾಗುತ್ತದೆ. ದೆವ್ವ ಬಿಡಿಸುವ ಹೆಸರಿನ ಹಿಂಸೆಯನ್ನು ತಡೆಯಲು ಕರ್ನಾಟಕ 2017ರಲ್ಲಿ ಕಾನೂನನ್ನೇ ತರಬೇಕಾಯಿತು. ಸೀರೆ ಕೊಟ್ಟ ಮಾರನೇ ದಿನ ಮನೆ ಇದ್ದ ಹಾಗೇ ಇರುತ್ತದೆ. ಇನ್ನು ಹಳೆಯ ಮೈಸೂರಿನ ಹೆಂಗಸರು ಬಾಣಂತಿ ಸನ್ನಿ ಅನ್ನುವ ಕಾಯಿಲೆ. ಸಾವಿರ ಹೆರಿಗೆಯಲ್ಲಿ ಒಬ್ಬರಿಗೋ ಇಬ್ಬರಿಗೋ ಬರುವ ಇದರಲ್ಲಿ ಕಳೆದ ಪ್ರತಿದಿನವೂ ತಾಯಿಗೂ ಕೂಸಿಗೂ ಅಪಾಯ. ಪ್ರೀತಿಯಿಂದ ನೋಡಿಕೊಂಡ ಮನೆಯಲ್ಲೂ ಅದು ಬರುತ್ತದೆ. ಅಲ್ಲಿ ಅತ್ತೆಯನ್ನು ಬೈದರೆ ಪ್ರಯೋಜನವಿಲ್ಲ, ಔಷಧಿ ಬೇಕು. ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋಚೈತನ್ಯ ಕ್ಲಿನಿಕ್ ನಡೆಸುವುದೆಂದು ಸರ್ಕಾರ ಗೊತ್ತುಮಾಡಿತು. ಮಂಗಳವಾರ ಮಾರಮ್ಮನ ವಾರವೂ ಹೌದು. ಎರಡೂ ಕಡೆ ಹೋಗುವವರು ಹೋಗಲಿ, ಮೊದಲು ಆಸ್ಪತ್ರೆಗೆ ಹೋಗಲಿ ಅಂತ ಮಾತ್ರ ನಾನು ಹೇಳುವುದು.

ಹಾಗಾದರೆ ತಕರಾರು ಯಾರ ಮೇಲೆ? ವೈದ್ಯರ ಮೇಲಲ್ಲ, ವಿಮರ್ಶಕರ ಮೇಲೆ. ಆಸ್ಪತ್ರೆಯಲ್ಲಿ ಕಾಯಿಲೆಗೆ ಹೆಸರಿಟ್ಟ ಮೇಲೆ ಕೆಲಸ ಶುರುವಾಗುತ್ತದೆ: ಮಾತ್ರೆ, ಮಾತುಕತೆ, ಮನೆಯವರನ್ನು ಕರೆಸುವುದು. ಕಾದಂಬರಿಯ ಪಾತ್ರಕ್ಕೆ ಮಾತ್ರೆ ಕೊಡುವಂತಿಲ್ಲ. ಅಲ್ಲಿ ಹೆಸರಿಟ್ಟ ತಕ್ಷಣ ಕಡತ ಮುಚ್ಚುತ್ತದೆ. ‘ಆಪ್ತಮಿತ್ರ’ದ ಡಾಕ್ಟರು ಈ ವಿಮರ್ಶಕರಿಗಿಂತ ಬುದ್ಧಿವಂತ. ಕಾಯಿಲೆಯ ಹೆಸರು ಗೊತ್ತಿದ್ದರೂ ಅವನು ಅಷ್ಟಕ್ಕೆ ನಿಲ್ಲುವುದಿಲ್ಲ. ನಾಗವಲ್ಲಿಗೆ ಬೇಕಾದದ್ದು ತನ್ನನ್ನೂ ಪ್ರಿಯನನ್ನೂ ಕೊಂದ ರಾಜನ ಪ್ರಾಣ. ಕಡೇ ಗಳಿಗೆಯಲ್ಲಿ ರಾಜನ ಜಾಗದಲ್ಲಿ ಬೊಂಬೆಯೊಂದನ್ನು ಇಟ್ಟು, ಅವಳ ಸೇಡನ್ನು ಅವಳ ಕೈಯಿಂದಲೇ ತೀರಿಸುತ್ತಾನೆ. ಪಕ್ಕದಲ್ಲಿ ಮಂತ್ರವಾದಿಯನ್ನೂ ಕೂರಿಸಿಕೊಂಡೇ. ಇದನ್ನು ರಾಜಿ ಎಂದವರಿದ್ದಾರೆ. ನನಗೆ ಅದು ಆ ಚಿತ್ರದ ಅತ್ಯಂತ ಪ್ರಾಮಾಣಿಕ ದೃಶ್ಯ.

‘ಅವಳಿಗೆ ಏನು ಬೇಕು’ ಎಂಬ ಪ್ರಶ್ನೆಯನ್ನು ಕನ್ನಡದಲ್ಲಿ ದೆವ್ವವಿಲ್ಲದೆಯೇ ಬರೆದವರು ಕಾದಂಬರಿಕಾರ್ತಿ ತ್ರಿವೇಣಿ. ಬಿ.ಎಂ.ಶ್ರೀಯವರ ತಮ್ಮನ ಮಗಳು. ಮನಶ್ಶಾಸ್ತ್ರ ಓದಿಕೊಂಡಿದ್ದವರು. 1963ರಲ್ಲಿ, ಹೆರಿಗೆಯಾದ ಕೆಲವೇ ದಿನಗಳಲ್ಲಿ ತೀರಿಕೊಂಡರು. ಅವರ ‘ಶರಪಂಜರ’ವನ್ನು ಪುಟ್ಟಣ್ಣ ಕಣಗಾಲ್ 1971ರಲ್ಲಿ ಸಿನಿಮಾ ಮಾಡಿದಾಗ ಕಲ್ಪನಾ ಕಾವೇರಿಯಾದರು. ಬಾಣಂತನದಲ್ಲಿ ಕಾವೇರಿಯ ಬುದ್ಧಿ ಕೆಡುತ್ತದೆ, ಆಸ್ಪತ್ರೆಯಲ್ಲಿ ವಾಸಿಯಾಗುತ್ತದೆ. ಭಯ ಶುರುವಾಗುವುದು ವಾಸಿಯಾದ ಮೇಲೆ. ಅವಳು ನಕ್ಕರೆ ಅನುಮಾನ, ಅತ್ತರೆ ಅನುಮಾನ, ಮಗುವನ್ನು ಎತ್ತಿಕೊಂಡರೆ ಪಕ್ಕದಲ್ಲೊಬ್ಬರ ಕಾವಲು. ಗಂಡನಿಗೆ ಬೇರೊಬ್ಬಳ ಸಹವಾಸ. ಯಾವ ಗಾಳಿಯೂ ಸೋಕದ ಆ ಮನೆಯಲ್ಲಿ ‘ಹುಚ್ಚಿ’ ಎಂಬ ಹೆಸರೇ ಅವಳ ಬೆನ್ನು ಹತ್ತುತ್ತದೆ, ಕೊನೆಗೆ ಅವಳು ಮತ್ತೆ ಆಸ್ಪತ್ರೆಗೇ ಮರಳುತ್ತಾಳೆ. ಕಾವೇರಿಯ ಕಾಯಿಲೆಗೆ ಮದುವೆಗೆ ಮುಂಚಿನ ಒಂದು ಘಟನೆಯೇ ಮೂಲ ಎಂದು ಬೆರಳು ಮಾಡಿ ತೋರಿಸುವ ಓದು ತಪ್ಪೇನಲ್ಲ, ಆದರೆ ಅದು ಮೊದಲ ಕಾಯಿಲೆಯ ವಿವರಣೆ. ಎರಡನೆಯದನ್ನು ಉಂಟುಮಾಡಿದವರು ಮನೆಯವರು, ಬೀದಿಯವರು. ಇಷ್ಟು ಖಚಿತವಾಗಿ ಬೆರಳಿಟ್ಟು ತೋರಿಸಿದ ಭಯದ ಕಾದಂಬರಿ ಇಂಗ್ಲಿಷಿನಲ್ಲೂ ನನ್ನ ಕಣ್ಣಿಗೆ ಬಿದ್ದಿಲ್ಲ.

ಮಂಡ್ಯ ಸೀಮೆಯಿಂದ ಈಗೊಂದು ಭಯದ ಕಾದಂಬರಿ ಹುಟ್ಟಬೇಕಾದರೆ ಅದಕ್ಕೆ ಪಾಳುಬಂಗಲೆ ಬೇಡ. 2023ರ ಕೊನೆಯಲ್ಲಿ ಪೊಲೀಸರು ಬಯಲಿಗೆಳೆದ ಭ್ರೂಣಹತ್ಯೆ ಜಾಲ ಮಂಡ್ಯ ತಾಲ್ಲೂಕಿನ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಯಂತ್ರ ಇಟ್ಟುಕೊಂಡಿತ್ತು. ಭ್ರೂಣಲಿಂಗ ಪತ್ತೆ ನಿಷೇಧ ಕಾಯ್ದೆ 1994ರಲ್ಲೇ ಬಂದಿದ್ದರೂ ಇದು ನಡೆಯುತ್ತಿತ್ತು. ಗಾಣ, ಕೊಪ್ಪರಿಗೆ, ಒಣಗಲು ಹರವಿದ ಕಬ್ಬಿನ ಸಿಪ್ಪೆ, ಬೆಲ್ಲದ ಘಮ. ಅದರ ಮಗ್ಗುಲಲ್ಲಿ ಹೊಟ್ಟೆಯ ಮೇಲೆ ಯಂತ್ರ ಆಡಿಸಿ ಹೆಣ್ಣೋ ಗಂಡೋ ಹೇಳುವ ಕೋಣೆ.

ಅಲ್ಲಿಗೆ ಹೋಗಿಬಂದವಳು ಇರುಳು ಕೂಸಿನ ಅಳು ಕೇಳಿಸುತ್ತದೆ ಅಂದಳೆಂದಿಟ್ಟುಕೊಳ್ಳಿ. ಪಾಪಪ್ರಜ್ಞೆ, ಆಘಾತ, ಖಿನ್ನತೆ ಎಂದು ಬರೆಯಲು ವಿಮರ್ಶಕನಿಗೆ ಅರ್ಧ ಗಂಟೆ ಸಾಕು. ಆ ಮಾತುಗಳಲ್ಲಿ ಸುಳ್ಳಿರುವುದಿಲ್ಲ. ಆದರೆ ದಲ್ಲಾಳಿಯನ್ನು ಹುಡುಕಿದ್ದು ಅವಳಲ್ಲ, ಹಣ ಎಣಿಸಿದ್ದೂ ಅವಳಲ್ಲ. ಎಣಿಸಿಕೊಟ್ಟ ಮಾವನಿಗೆ ಆ ರಾತ್ರಿ ಏನು ಕೇಳಿಸಿತು ಎಂದು ಕಾದಂಬರಿ ಬರೆಯುವವರು ವಿಚಾರಿಸಲಿ. ಅವನಿಗೆ ಗಾಳಿ ಸೋಕಿದ ಕತೆಯನ್ನು ನಾನು ಇನ್ನೂ ಓದಿಲ್ಲ.